ಇನ್ನೂರು ಇಲಿ, ಮೂರೇ ಗೂಬೆ

ಬೆಳಗಿನ ಐದು ಗಂಟೆ. ಮೃಗಾಲಯದ ಹಿಂಭಾಗದ ಕಿಟಕಿಯಿಲ್ಲದ ಕೋಣೆಯಲ್ಲಿ ಇಲಿ ಸಾಕುವ ನೌಕರರೊಬ್ಬರು ತಟ್ಟೆಗಳಿಗೆ ಗೋಧಿ ಸುರಿಯುತ್ತಿದ್ದಾರೆ. ಸುತ್ತಲಿನ ಗೂಡುಗಳಲ್ಲಿ ಇನ್ನೂರು ಬಿಳಿ ಇಲಿಗಳ ಸರಭರ. "ಹುಲಿಗೆ ಮಾಂಸ ಹಾಕೋನ ಫೋಟೋ ತೆಗೀತಾರೆ. ಇಲಿ ಸಾಕೋನು ಅಂದ್ರೆ ಮೂಗು ಮುಚ್ಕೋತಾರೆ," ಎಂದು ನಗುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನೂ ಮುಚ್ಚಿಕೊಂಡಿದ್ದೇನೆ, ನಾಚಿ ಕೈ ಇಳಿಸುತ್ತೇನೆ.

ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ. ಈ ಇಲಿಗಳು ಇಲ್ಲಿನ ಹಾವುಗಳ, ಮೂರು ಗೂಬೆಗಳ ಊಟ. ಮರಿ ಹಾಕಲು ಉಳಿಸಿಕೊಂಡವುಗಳ ಬಾಲಕ್ಕೆ ಮಾತ್ರ ನೇರಳೆ ಶಾಯಿ. ಶಾಯಿ ಇದ್ದರೆ ಜೀವ ಉಳಿಯಿತು. ಇಲಿಗಳು ನೆಕ್ಕಿ ನೆಕ್ಕಿ ಅಳಿಸಿಹಾಕುವುದರಿಂದ ಪ್ರತಿ ಶನಿವಾರ ಮತ್ತೆ ಹಚ್ಚಬೇಕು.

ಹೆಂಡತಿ ತೀರಿಕೊಂಡ ಮೇಲೆ ಒಂಬತ್ತು ವರ್ಷದ ಮಗಳು ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಭಾನುವಾರ ಮಾತ್ರ ಅಪ್ಪನ ಬಳಿ ಬರುತ್ತಿದ್ದಳು. ಕಿವಿ ಹರಿದ ಒಂದು ಇಲಿ ಅವಳಿಗೆ ಅಚ್ಚುಮೆಚ್ಚು. ಉಳಿಸುತ್ತೇನೆಂದು ಮಾತು ಕೊಟ್ಟು ಅದರ ಬಾಲಕ್ಕೂ ಶಾಯಿ ಹಚ್ಚಿದರು. ಜ್ವರ ಬಂದು ಮಲಗಿದ ಒಂದು ಶನಿವಾರ ಹಚ್ಚುವುದು ತಪ್ಪಿತು. ಸೋಮವಾರ ಆತುರದಲ್ಲಿ ಬಾಲ ನೋಡಿದರು, ಕಿವಿ ನೋಡಲಿಲ್ಲ. ಇಲಿ ಗೂಬೆಯ ಪಾಲಾಯಿತು.

"ಓಡಿಹೋಯ್ತು ಅನ್ನಬಹುದಿತ್ತು ಸಾರ್. ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ."

ಮಗಳು ಬಾರದೆ ಆರು ಭಾನುವಾರಗಳಾದವು. ರಜೆಯ ದಿನವೂ ಅವರು ಇಲ್ಲೇ ಬಂದು ಕೂರುತ್ತಾರೆ. ಮನೆಯ ಮೌನಕ್ಕಿಂತ ಇಲಿಗಳ ಗಲಾಟೆಯೇ ವಾಸಿಯಂತೆ. ಸಂಜೆ ಫೋನಿನಲ್ಲಿ ಸಿಗುವ ಐದು ನಿಮಿಷದಲ್ಲಿ ಮಗಳಿಗೆ ಪಾಠ ಹೇಳುತ್ತಾರೆ.

"ಗೋಧಿ ಬೆಳೆಯೋದು ಬಿಸಿಲಿಂದ ಪುಟ್ಟಿ. ಇಲಿ ಹತ್ತು ಹಿಡಿ ತಿಂದ್ರೆ ಒಂದು ಹಿಡಿಯಷ್ಟೇ ಮೈಗೆ ಹತ್ತೋದು. ಮಿಕ್ಕಿದ್ದು ಓಡಾಡೋಕೆ, ಉಸಿರಾಡೋಕೆ, ಮೈ ಬೆಚ್ಚಗಿಟ್ಕೊಳ್ಳೋಕೆ ಖರ್ಚು. ಗೂಬೆ ಕಥೆನೂ ಅಷ್ಟೇ. ಅದಕ್ಕೇ ಒಂದು ಗೂಬೆ ಬದುಕೋಕೆ ಅಷ್ಟೊಂದು ಇಲಿ ಬೇಕು."

"ಹಾಗಾದ್ರೆ ಗೂಬೆನೇ ಬಿಸಿಲಲ್ಲಿ ಕೂರಿಸಿ," ಎಂದಳಂತೆ ಮಗಳು.

"ಬಿಸಿಲಲ್ಲಿ ಅಡುಗೆ ಮಾಡೋದು ಹಸಿರೆಲೆಗೆ ಮಾತ್ರ ಬರುತ್ತಮ್ಮ. ನಾವೆಲ್ಲ ಕೂತು ಉಣ್ಣೋರೇ."

ನಿನ್ನೆ ಅವಳು ಬಿಸಿಲಿನಿಂದ ಗೂಬೆಯವರೆಗಿನ ಇಡೀ ಸರಪಳಿಯನ್ನು ತಪ್ಪಿಲ್ಲದೆ ಒಪ್ಪಿಸಿದಳು. "ಗೂಬೆ ಮೇಲೆ ಸಿಟ್ಟಿಲ್ಲಪ್ಪ," ಎಂದೂ ಹೇಳಿದಳು. ಇವರಿಗೆ ಹಿಗ್ಗೋ ಹಿಗ್ಗು. ಹಾಗಾದರೆ ಭಾನುವಾರ ಬರುತ್ತೀಯಾ ಎಂದು ಕೇಳಿದಾಗ ಮಾತ್ರ ಫೋನು ಚಿಕ್ಕಮ್ಮನ ಕೈ ಸೇರಿತು.

ನಿಮ್ಮ ಆಸೆಯೇನು ಎಂದು ಕೇಳುತ್ತೇನೆ. ಬಹಳ ಹೊತ್ತು ಖಾಲಿ ತಟ್ಟೆ ಒರೆಸುತ್ತಾರೆ.

"ಗೂಬೆದು ತಪ್ಪಿಲ್ಲ ಅಂತ ಅವಳಿಗೆ ಗೊತ್ತಾಯ್ತು. ತಪ್ಪು ನಂದು ಸಾರ್. ಅದಕ್ಕೆ ಯಾವ ಪಾಠ ಇದೆ? ಒಂದ್ಸಲ ಬಂದು, ಎದುರಿಗೆ ನಿಂತು ಬೈದ್ಬಿಡ್ಲಿ. ಸಾಕು."