ಅಪ್ಪನ ಎಡಮಗ್ಗುಲು

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಅದೂ ಊರಾಚೆಯ ಸ್ಮಶಾನದಲ್ಲಲ್ಲ, ಅವರವರ ಹೊಲದಲ್ಲೇ. ಗಂಡನನ್ನು ದಕ್ಷಿಣಕ್ಕೆ ತಲೆಯಿಟ್ಟು ಮಲಗಿಸಿದ್ದರೆ, ಮುಂದೆ ಹೆಂಡತಿಯ ಸರದಿ ಬಂದಾಗ ಅವಳಿಗೆ ಅವನ ಎಡಮಗ್ಗುಲು. ತಾಳಿ ಕಟ್ಟಿಸಿಕೊಂಡು ಯಾವ ಕಡೆ ಕೂತಿದ್ದಳೋ ಮಣ್ಣಿನಲ್ಲೂ ಅದೇ ಕಡೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ಗೊತ್ತಿದ್ದೂ ಮರೆತೆ.

ನಮ್ಮ ಹೊಲ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಹತ್ತಿರ. ಅಪ್ಪ ಹೋದ ಮರುವರ್ಷ, ನಮ್ಮ ಹೊಲಗಳಲ್ಲಿ ನೆಲದಡಿ ಗ್ಯಾಸ್ ಪೈಪು ಹಾಯುತ್ತದೆ ಎಂಬ ಸುದ್ದಿ ಬಂತು. ನಾನಾಗ ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಅವ್ವ ಊರಿನಲ್ಲಿ ಚಿಕ್ಕಪ್ಪನ ಸಂಸಾರದ ಜೊತೆ ಇದ್ದಳು. ನಾನು ಅವಳಿಗೆ ಒಬ್ಬಳೇ ಮಗಳು. ಅಳತೆಯವರು ಬಂದಿದ್ದಾರೆಂದು ಚಿಕ್ಕಪ್ಪ ಫೋನ್ ಮಾಡಿದಾಗ ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ. ಹೋಗಿ ನೋಡಿದರೆ, ಸಾಲಾಗಿ ನೆಟ್ಟಿದ್ದ ಕೆಂಪು ಬಾವುಟಗಳಲ್ಲಿ ಒಂದು ಅಪ್ಪನ ಕಾಲ ಬುಡದಲ್ಲೇ ನಿಂತಿತ್ತು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಜೊತೆಗೆ ಫೈಲು ಕಟ್ಟಿ ಕಟ್ಟಿ ಬಂದ ಜಂಬ ಬೇರೆ. ಅಳತೆಯ ಅಧಿಕಾರಿ ಪಾಪ ನಕ್ಷೆ ಬಿಡಿಸಿ ನಿಧಾನವಾಗಿಯೇ ಹೇಳಿದ. ಹೊಲ ನಿಮ್ಮದೇ ಇರುತ್ತದೆ, ಪೈಪು ಹೋಗುವ ಪಟ್ಟಿಯಲ್ಲಿ ರಾಗಿ, ಶೇಂಗಾ ಏನು ಬೇಕಾದರೂ ಬೆಳೆದುಕೊಳ್ಳಿ, ಆದರೆ ಮರ ಹಾಕುವಂತಿಲ್ಲ, ಮನೆ ಕಟ್ಟುವಂತಿಲ್ಲ, ಬಾವಿ ಬೋರು ಗುಂಡಿ ಏನನ್ನೂ ತೋಡುವಂತಿಲ್ಲ. ನಾನು ಎಲ್ಲದಕ್ಕೂ ಆಯಿತೆಂದೆ. ಆದರೆ ನಮ್ಮಪ್ಪನ ಸಮಾಧಿ ಆ ಪಟ್ಟಿಯೊಳಗೆ ಬರಕೂಡದು ಎಂದು ಪಟ್ಟು ಹಿಡಿದೆ. ಮಧ್ಯಾಹ್ನದವರೆಗೂ ಜಗಳವಾಡಿದೆ. ಕೊನೆಗೆ ಅವರು ಯಾರಿಗೋ ಫೋನ್ ಮಾಡಿ, ಮತ್ತೆ ಟೇಪು ಹಿಡಿದು, ಬಾವುಟಗಳನ್ನು ಪಡುವಣಕ್ಕೆ ಸರಿಸಿದರು. ಹೊಸ ಬಾವುಟ ಸಮಾಧಿಯ ಎಡಕ್ಕೆ ಎರಡು ಗೇಣು ದೂರದಲ್ಲಿ ಬಂದು ನಿಂತಿತು. ಅಲ್ಲಿಂದಾಚೆಗೆ ಪೈಪಿನ ಪಟ್ಟಿ.

ಅವ್ವ ಅಷ್ಟೂ ಹೊತ್ತು ನೀರಿನ ಬಿಂದಿಗೆ ಇಟ್ಟುಕೊಂಡು ಬದುವಿನ ಮೇಲೆ ಕೂತಿದ್ದಳು. ಎಲ್ಲ ಮುಗಿದ ಮೇಲೆ ಎದ್ದು ಬಂದು ಆ ಅಧಿಕಾರಿಯನ್ನು ಕೇಳಿದಳು.

"ಇನ್ನೊಂದೆರಡು ಮಾರು ಅತ್ತಾಗೆ ಸರ್ಸಾಕ್ ಆಗಲ್ವೇನಪ್ಪ?"

ಹೊಸ ಬಾವುಟದ ಆಚೆಗೇ ನಮ್ಮ ಎರಡು ಹುಣಸೆ ಮರಗಳಿದ್ದವು, ಪಟ್ಟಿಯೊಳಗೆ ಸಿಕ್ಕಿ ಅವು ಹೋಗುತ್ತವಲ್ಲ ಎಂದು ಕೇಳುತ್ತಿದ್ದಾಳೆ ಅಂದುಕೊಂಡೆ. "ಸಾಕು ಬಿಡವ್ವ, ಅವರೂ ಎಷ್ಟು ಅಂತ ಸರ್ಸ್ತಾರೆ" ಎಂದೆ. ಅವಳು ಅವರೆಲ್ಲರಿಗೂ ನೀರು ಕೊಟ್ಟು ಬಿಂದಿಗೆ ಎತ್ತಿಕೊಂಡು ಮನೆಗೆ ಹೋದಳು. ನಾನು ಮಾರನೆಯ ದಿನ ಕಚೇರಿಯಲ್ಲಿ, ಗ್ಯಾಸ್ ಪೈಪನ್ನೇ ಬಗ್ಗಿಸಿ ಬಂದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೆ.

ಪೈಪು ಬಂತು, ಮಣ್ಣು ಮುಚ್ಚಿತು, ಮೇಲೆ ಶೇಂಗಾ ಹಬ್ಬಿತು. ಗುರುತಿಗೆ ಉಳಿದದ್ದು ಒಂದು ಹಳದಿ ಕಂಬ, ಅದರ ಮೇಲೆ ಅಗೆಯುವ ಮೊದಲು ಕರೆ ಮಾಡಿ ಎಂಬ ಬರಹ ಮತ್ತು ಒಂದು ಫೋನ್ ನಂಬರು. ದಿನಾ ಒಬ್ಬ ಲೈನ್‌ಮ್ಯಾನ್ ಕೇಸರಿ ಬಣ್ಣದ ಜಾಕೀಟು ಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಆ ಪಟ್ಟಿಯುದ್ದಕ್ಕೂ ನಡೆದುಹೋಗುತ್ತಿದ್ದ. ಹಿರಿಯೂರು ಕಡೆಯವನು, ನನಗಿಂತ ಚಿಕ್ಕವನು. ಅವ್ವನಿಗೂ ಅವನಿಗೂ ಬಲು ಸ್ನೇಹ. ಇವಳು ಮಜ್ಜಿಗೆ ಕೊಡುವುದು, ಅವನು ಅಜ್ಜಿ ಅಜ್ಜಿ ಎನ್ನುತ್ತ ಬದುವಿನ ಮೇಲೆ ಕೂತು ಊರ ಸುದ್ದಿ ಹೇಳುವುದು. ಒಂದು ಸಲ ಪಕ್ಕದ ಹೊಲದವರು ಬದು ಹಾಕಿಸಲು ಜೆಸಿಬಿ ತಂದು ಪಟ್ಟಿಯೊಳಗೇ ಬಕೆಟ್ ಇಳಿಸಲು ಹೊರಟಾಗ, ಅವನು ಓಡಿಬಂದು ಎರಡೂ ಕೈ ಚಾಚಿ ಅಡ್ಡ ನಿಂತನಂತೆ. ಪೈಪು ಒಡೆಯುವುದಕ್ಕಿಂತ ಅವನಿಗೆ ಇನ್ನೊಂದರ ಭಯ ಹೆಚ್ಚು. ನಾನಿದ್ದಾಗಲೇ ಒಮ್ಮೆ ಅವ್ವನಿಗೆ ಹೇಳಿದ್ದ.

"ಒಡದ್ರೆ ಗೊತ್ತಾಗೇ ಆಗ್ತೈತೆ ಅಜ್ಜಿ, ಓಡಿ ಬರ್ತೀವಿ. ಬಕೆಟ್ಟಿನ ಹಲ್ಲು ತಾಗಿ ಒಂದು ಗೀರು ಬಿತ್ತು ಅಂತಿಟ್ಕಳ್ರಿ, ಬೈತಾರೆ ಅಂತ ಮಣ್ಣು ಎಳ್ದು ಸುಮ್ನಾಗ್ಬಿಡ್ತಾರೆ. ಆ ಗೀರು ಒಳಗೊಳಗೇ ತುಕ್ಕು ತಿಂದು ಯಾವತ್ತೋ ಒಂದಿನ ಬಾಯಿ ಬಿಡ್ತೈತೆ. ಗೀರು ಬಿದ್ರೆ ಹೇಳ್ಬಿಡ್ರಿ, ಮುಚ್ಚಬ್ಯಾಡ್ರಿ ಅಂತ ಎಲ್ರಿಗೂ ಕೈ ಮುಗೀತೀನಿ."

ಅವ್ವ ಹೌದಪ್ಪ ಹೌದು ಎಂದು ತಲೆಯಾಡಿಸಿದ್ದಳು.

ವರ್ಷಗಳಾದವು. ಪಕ್ಕದ ಹೊಲದ ಮುದುಕಿ ತೀರಿಕೊಂಡಳೆಂದು ಮಣ್ಣಿಗೆ ಹೋಗಿದ್ದೆ. ಅವಳನ್ನು ಅವಳ ಗಂಡನ ಎಡಕ್ಕೆ ಇಳಿಸುತ್ತಿದ್ದರು. ನಾನು ಹಿಡಿ ಮಣ್ಣು ಹಿಡಿದು ನಿಂತವಳು ಸುಮ್ಮನೆ ನಮ್ಮ ಹೊಲದ ಕಡೆ ನೋಡಿದೆ. ಅಪ್ಪನ ಸಮಾಧಿ ಕಂಡಿತು. ಅದರ ಎಡಕ್ಕೆ ಒಂದಿಷ್ಟು ಆಚೆ ಆ ಹಳದಿ ಕಂಬ ಕಂಡಿತು. ಅವತ್ತು ಒಂದು ಸಮಾಧಿ ಉಳಿಸಲು ಅಷ್ಟು ಹಾರಾಡಿದವಳು, ಬದುವಿನ ಮೇಲೆ ಕೂತಿದ್ದ ಇನ್ನೊಬ್ಬಳಿಗೂ ಮಣ್ಣು ಬೇಕಾಗುತ್ತದೆ ಎಂಬುದನ್ನೇ ಮರೆತಿದ್ದೆ. ಅವಳು ಕೇಳಿದ ಎರಡು ಮಾರು ಹುಣಸೆ ಮರಕ್ಕಲ್ಲ, ಅವಳಿಗೆ.

ನೆಟ್ಟಗೆ ಮನೆಗೆ ಬಂದೆ. ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎದುರಿಗೆ ಕೂತು ತಪ್ಪೊಪ್ಪಿಕೊಂಡೆ. ಸಾವಿನ ಮಾತನ್ನು ತಾಯಿಯ ಎದುರು ಆಡುವುದು ಹೇಗೆಂದು ತೋಚದೆ, ತಡವರಿಸಿ, ಅತ್ತೂಬಿಟ್ಟೆ. ಅವಳು ನಗತೊಡಗಿದಳು.

"ಅಯ್ಯೋ ಹುಚ್ಚಿ, ಅದಕ್ಯಾಕ್ ಅಳ್ತೀಯ? ನಿಮ್ಮಪ್ಪ ಜೀವಮಾನೆಲ್ಲ ಬಲಮಗ್ಗುಲಾಗೇ ಮಲ್ಗಿದ್ದು. ಎಡಕ್ ಮಲ್ಗಿ ಮಲ್ಗಿ ನಾನು ಬರೇ ಬೆನ್ನು ನೋಡೇ ಸಾಕಾಗೈತೆ. ಬಲಕ್ಕೇ ಹಾಕ್ರಿ, ಇನ್ನಾದ್ರೂ ಮುಖ ನೋಡ್ಕಂತಾ ಬಿದ್ದಿರ್ತೀನಿ."

ನಾನೂ ಕಣ್ಣೊರೆಸಿಕೊಂಡು ನಕ್ಕೆ. ಎಷ್ಟು ಹಗುರವಾಯಿತೆಂದರೆ, ಹೊಸದುರ್ಗಕ್ಕೆ ಹೋಗುವಾಗ ಬಸ್ಸಿನಲ್ಲೂ ಒಬ್ಬಳೇ ನಗುತ್ತಿದ್ದೆ. ಆ ಮಾತನ್ನು ಕಚೇರಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ನಮ್ಮವ್ವನ ಬಾಯಿ ಎಂಥದ್ದು ನೋಡಿ ಎಂದು ಹೆಮ್ಮೆಪಟ್ಟೆ.

ಅದಾಗಿ ಒಂದು ವರ್ಷದ ಮೇಲೆ ಅವ್ವ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎರಡು ದಿನ ಮಲಗಿ ಮೂರನೆಯ ದಿನ ಬೆಳಗ್ಗೆ ಹೋಗಿಬಿಟ್ಟಳು. ಊರಿಗೆ ಕರೆತಂದಾಗ ಚಿಕ್ಕಪ್ಪ ಆಗಲೇ ಜೆಸಿಬಿ ಹೇಳಿಬಿಟ್ಟಿದ್ದರು. ಈಗೀಗ ಎಲ್ಲರೂ ಹಾಗೇ, ಗುಂಡಿಗೆ ಗುದ್ದಲಿ ಹಿಡಿಯುವವರು ಕಡಿಮೆ. ಅವ್ವನನ್ನು ಮನೆಯ ಮುಂದೆ ಕೂರಿಸಿ ಹೆಂಗಸರು ಅಳುತ್ತಿದ್ದಾಗ ನಾನು ಹೊಲಕ್ಕೆ ಓಡಿದೆ. ಜೆಸಿಬಿ ಬಂಡಿದಾರಿಯಲ್ಲಿ ನಿಂತಿತ್ತು. ಇನ್ನು ಹತ್ತು ಹೆಜ್ಜೆ ಮುಂದೆ ಬಂದರೆ ಪೈಪಿನ ನೆತ್ತಿಯ ಮೇಲೆ ಬರುತ್ತಿತ್ತು. ನಾನು ಅಡ್ಡ ನಿಂತು ಹಳದಿ ಕಂಬದ ನಂಬರಿಗೆ ಫೋನ್ ಮಾಡಿದೆ.

ಚಿಕ್ಕಪ್ಪ ಕೆಂಡವಾದರು. "ನಮ್ಮತ್ತಿಗೆಗೆ ನಮ್ಮ ಹೊಲದಾಗೆ ಗುಂಡಿ ತೆಗ್ಯಾಕೆ ಯಾರ ಅಪ್ಪಣೆ ಬೇಕು? ಎಡಕ್ಕೇ ಆಗ್ಬೇಕು. ಬಲಕ್ಕಿಟ್ರೆ ಊರಾಗೆ ನಾಲ್ಕು ಜನ ಏನಂತಾರೆ?"

"ಅವ್ವನೇ ಬಲಕ್ಕೆ ಅಂದೈತೆ ಚಿಕ್ಕಪ್ಪ, ನಗ್‌ನಗ್ತಾ ಅಂದೈತೆ" ಎಂದೆ. ಅವರು ನಂಬಲಿಲ್ಲ.

ಅರ್ಧ ಗಂಟೆಯಲ್ಲಿ ಲೈನ್‌ಮ್ಯಾನ್ ಬೈಕಿನಲ್ಲಿ ಬಂದ. ಕಣ್ಣು ಕೆಂಪಾಗಿತ್ತು. ಕಂಬದಿಂದ ಟೇಪು ಹಿಡಿದು ಅಳೆದ, ಪೈಪು ಹುಡುಕುವ ಯಂತ್ರವನ್ನು ನೆಲದ ಮೇಲೆ ಆಡಿಸಿದ, ಪಟ್ಟಿಯ ಅಂಚಿಗೆ ಸುಣ್ಣದ ಗೆರೆ ಎಳೆದ. ಆಮೇಲೆ ಚಿಕ್ಕಪ್ಪನ ಮುಂದೆ ನಿಂತು ಕೈ ಮುಗಿದ. "ಯಜಮಾನ್ರೇ, ಎಡಕ್ಕೆ ಆಗಲ್ರಿ. ಆರಡಿ ಗುಂಡಿ ಅಂದ್ರೆ ಪೈಪಿಗಿಂತ ಆಳ ಹೋಗ್ತೈತೆ, ಪಕ್ಕದ ಮಣ್ಣು ಜರುಗಿದ್ರೆ ಊರಿಗೇ ಕೇಡು. ಮಿಷನ್ನು ಪೈಪಿನ ಮ್ಯಾಲೆ ದಾಟಂಗಿಲ್ಲ. ಬಲಕ್ಕೆ ಕೈಯಾಗೇ ತೆಗ್ಯಾಣ, ನಾನೂ ಇರ್ತೀನಿ." ಚಿಕ್ಕಪ್ಪ ಸುಣ್ಣದ ಗೆರೆಯನ್ನೇ ನೋಡಿ, ಮುಖ ತಿರುಗಿಸಿಕೊಂಡು, ಗುದ್ದಲಿ ತರಲು ಹೇಳಿದರು.

ನಾಲ್ವರು ಸರದಿಯ ಮೇಲೆ ಅಗೆಯತೊಡಗಿದರು. ಎರಡಡಿಗೇ ಕಲ್ಲುಮಿಶ್ರಿತ ಗಟ್ಟಿ ಗೊರಚಲು ಸಿಕ್ಕಿತು, ಕೆಲಸ ನಿಧಾನವಾಯಿತು. ಅವನು ನನ್ನ ಪಕ್ಕ ಬಂದು ನಿಂತ.

"ಅಕ್ಕಾ, ಅಜ್ಜಿ ನಿಮಗೆ ಹೇಳಬ್ಯಾಡ ಅಂದಿದ್ರು. ಎಡಕ್ಕೆ ಒಬ್ರು ಮಲಗೋವಷ್ಟು ಜಾಗ ಬಿಡಿಸ್ಕೊಡಾಕ್ ಆಗ್ತೈತೇನಪ್ಪ ಅಂತ ನನ್ನ ಕೇಳ್ತಾನೇ ಇದ್ರು. ನಾನು ಮೇಲಿನೋರ್ನ ಕೇಳ್ದೆ, ಆಗಲ್ಲ ಅಂದ್ರು. ಆಮ್ಯಾಲೂ ಬಿಡ್ಲಿಲ್ಲ. ಪೈಪು ಹಳೇದಾದ್ರೆ ತೆಗೀತಾರೇನಪ್ಪ, ಅಷ್ಟೊತ್ತಿಗೆ ನಾನಿರ್ತೀನೇನೋ ಅನ್ನೋರು."

"ಯಾವಾಗ ಕೇಳಿದ್ದು?" ಎಂದೆ. ಎಷ್ಟೋ ವರ್ಷದ ಹಿಂದೆ ಎನ್ನಲಿ, ಆ ನಗುವಿಗಿಂತ ಮುಂಚೆ ಎನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಹೋದ ತಿಂಗ್ಳು ಕೇಳಿದ್ರು ಅಕ್ಕಾ. ಮಜ್ಜಿಗೆ ಕೊಟ್ಟು ಕೇಳಿದ್ರು."

ಆ ನಗುವೆಲ್ಲ ನನ್ನ ಅಳು ನಿಲ್ಲಿಸಲು ನಕ್ಕಿದ್ದು. ಅದನ್ನು ನಾನು ಊರೆಲ್ಲ ಹಂಚಿ ಹೆಮ್ಮೆಪಟ್ಟಿದ್ದೆ.

ಗುಂಡಿಯವರು ಅಪ್ಪನ ಸಮಾಧಿಯಿಂದ ಒಂದು ಮೊಳ ಬಿಟ್ಟು ಅಗೆಯುತ್ತಿದ್ದರು. ಅದು ರೂಢಿ, ಹಳೆಯ ಮಣ್ಣು ಕುಸಿಯಬಾರದೆಂದು. ನಾನು ಗುಂಡಿಯ ಅಂಚಿಗೆ ಹೋಗಿ, "ಹತ್ತಿರ ತಗಳ್ರಿ" ಎಂದೆ. "ಎಷ್ಟು ಹತ್ತಿರ ಆಗ್ತೈತೋ ಅಷ್ಟು." ಅವರು ಚಿಕ್ಕಪ್ಪನ ಮುಖ ನೋಡಿದರು. ಹಾರೆ ಹಾಕಿದರೆ ಅಣ್ಣನಿಗೇ ತಾಗುತ್ತದೆ ಎಂದರು ಚಿಕ್ಕಪ್ಪ.

ಆಗ ಲೈನ್‌ಮ್ಯಾನ್ ಜಾಕೀಟು ಬಿಚ್ಚಿ ನನ್ನ ಕೈಗೆ ಕೊಟ್ಟು ಗುಂಡಿಗೆ ಇಳಿದ. ಹಾರೆ, ಪಿಕಾಸಿ ಎರಡನ್ನೂ ಮೇಲಕ್ಕೆ ಕೊಡಿಸಿದ. "ಇದು ನನಗೆ ಬಿಡ್ರಿ. ತಾಗದಂಗೆ ಹತ್ತಿರ ಹೋಗೋದೇ ನನ್ನ ಕೆಲ್ಸ" ಎಂದ. ಸಲಿಕೆಯನ್ನು ಮಲಗಿಸಿ ಹಿಡಿದು ಮಣ್ಣನ್ನು ಕುಟ್ಟದೆ ಕೆರೆದ. ಒಂದಿಷ್ಟು ಕೆರೆಯುವುದು, ಸಲಿಕೆ ಬದಿಗಿಟ್ಟು ಬರಿಗೈಯಲ್ಲಿ ತಡವಿ ನೋಡುವುದು, ಮತ್ತೆ ಕೆರೆಯುವುದು. ಪೈಪಿನ ಪಕ್ಕ ಹೀಗೇ ತೆಗೆಯುತ್ತೇವೆ ಎಂದು ಉಳಿದವರಿಗೆ ಹೇಳುತ್ತಿದ್ದ. ಮೊಳವಿದ್ದ ಗೋಡೆ ಗೇಣಾಯಿತು. ಮಣ್ಣಿನ ಬಣ್ಣ ಬದಲಾದಾಗ ಕೈ ಎತ್ತಿ ನಿಲ್ಲಿಸಿದ. "ಇಲ್ಲಿಂದಾಚೆ ನಿಮ್ಮಪ್ಪ" ಎಂದ.

ಹೆಣ್ಣುಮಕ್ಕಳು ಗುಂಡಿಗೆ ಇಳಿಯಬಾರದು ಎನ್ನುತ್ತಾರೆ. ನಾನು ಇಳಿದೆ, ಯಾರೂ ತಡೆಯಲಿಲ್ಲ. ಆ ಗೇಣು ದಪ್ಪದ ಗೋಡೆಗೆ ಅಂಗೈ ಇಟ್ಟೆ. ತಂಪಾಗಿತ್ತು. ಸಂಜೆಯ ಹೊತ್ತಿಗೆ ಅವ್ವನನ್ನು ಅಲ್ಲಿ ಮಲಗಿಸಿದೆವು. ನಾನು ಕೇಳಿದ್ದಕ್ಕೆ ಅವಳ ಮುಖವನ್ನು ಚೂರು ಅಪ್ಪನ ಕಡೆ ತಿರುಗಿಸಿದರು.

ಈಗ ಭಾನುವಾರಗಳಂದು ಹೋಗುತ್ತೇನೆ. ಪಟ್ಟಿಯ ಮೇಲೆ ಅಗೆಯುವಂತಿಲ್ಲ ಅಷ್ಟೇ, ಕೂರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅಪ್ಪನ ಎಡಕ್ಕೆ ಕೂತುಕೊಳ್ಳುತ್ತೇನೆ, ಅವಳು ಕೇಳಿದ್ದ ಜಾಗದಲ್ಲಿ. ಅಲ್ಲಿಂದ ಅವ್ವನ ಜೊತೆ ಮಾತಾಡಬೇಕೆಂದರೆ ಅಪ್ಪನನ್ನು ದಾಟಿ ಮಾತಾಡಬೇಕು. ಅವನಿಗೆ ಬೇಸರವೇನಿಲ್ಲ, ಬದುಕಿದ್ದಾಗಲೂ ನಾವಿಬ್ಬರೂ ಹಾಗೇ ಅವನ ಮೇಲಿಂದ ಮಾತಾಡುತ್ತಿದ್ದೆವು. ದಿನಾ ದಾರಿಯಲ್ಲಿ ಹೋಗುವವನನ್ನು ಅಷ್ಟು ಸಲ ಕೇಳಿದೆಯಲ್ಲವ್ವ, ನನ್ನನ್ನು ಇನ್ನೊಂದೇ ಒಂದು ಸಲ ಕೇಳಬಾರದಿತ್ತೇ ಎನ್ನುತ್ತೇನೆ. ನನ್ನ ಕೈಯಲ್ಲೂ ಏನೂ ಆಗುತ್ತಿರಲಿಲ್ಲ, ಗೊತ್ತು. ಜೊತೆಗೆ ಕೂತು ಅಳುತ್ತಿದ್ದೆ, ಅಷ್ಟೆ. ಇಬ್ಬರೂ ಅಳುತ್ತಿದ್ದೆವು.