ಅತ್ತೆ ಎತ್ತಿಕೊಂಡ ವೀಳ್ಯ

“ತಮಟೆ ಬಡಿಯೋರ ಮನೇಲಿ ಡಿಗ್ರೀನಾ? ಆಗದ ಮಾತು ಬಿಡಲೇ” ಎಂದವರು ನಮ್ಮೂರ ಗೌಡರು. ಅಜ್ಜಂಪುರದ ಸುತ್ತಮುತ್ತ ಅವರ ಪಕ್ಷದ ಪ್ರಚಾರವೆಲ್ಲ ಅವರ ಕೈಯಲ್ಲೇ ಇತ್ತು. ಅಪ್ಪನದು ತಮಟೆ ಮೇಳ. ಚುನಾವಣೆ ಬಂದರೆ ಜೀಪಿನ ಮುಂದೆ ಅಪ್ಪ, ಚಿಕ್ಕಪ್ಪಂದಿರು ಬಾರಿಸುತ್ತ ನಡೆಯುತ್ತಿದ್ದರು. ಜೀಪಿನಲ್ಲಿ ಮೈಕು ಹಿಡಿದು ಹಾಡುತ್ತಿದ್ದವನು ನಾನು.

ಎಂಬತ್ತರ ದಶಕದ ಒಂದು ಚುನಾವಣೆ ಸರಿಯಾಗಿ ನನ್ನ ಬಿ.ಎ. ಕೊನೆಯ ಪರೀಕ್ಷೆಯ ಹೊತ್ತಿಗೇ ಬಂತು. ಪರೀಕ್ಷೆ ಕಡೂರಿನಲ್ಲಿ. ನಮ್ಮಲ್ಲಿ ಒಂದು ಕಟ್ಟುಪಾಡಿತ್ತು: ವೀಳ್ಯದ ತಟ್ಟೆಯಿಂದ ಎಲೆ ಎತ್ತಿಕೊಂಡವನು ಓಟು ಮುಗಿಯುವ ತನಕ ಆ ಪಕ್ಷದವರ ಜೊತೆಗೇ ಇರಬೇಕು. ನಡುವೆ ಎದ್ದು ಹೋದರೆ ಆ ಮೇಳವನ್ನು ಮುಂದೆ ಯಾರೂ ಕರೆಯುವುದಿಲ್ಲ. ಹಾಡುವವರಿಲ್ಲದಿದ್ದರೆ ಮೇಳವೇ ಬೇಡ ಎಂದು ಗೌಡರು ವೀಳ್ಯ ಕೊಡಲು ನಮ್ಮ ಮನೆಗೆ ಬಂದ ಕೂಡಲೇ ಹೇಳಿಬಿಟ್ಟಿದ್ದರು.

ತಟ್ಟೆ ನನ್ನ ಮುಂದೆ ಬಂತು. ಅಪ್ಪ ನೆಲ ನೋಡುತ್ತ ಕೂತಿದ್ದ. ತರೀಕೆರೆಯಿಂದ ಬಂದಿದ್ದ ಸೋದರತ್ತೆ ಬಾಗಿಲ ಬಳಿಯಿಂದ ಎದ್ದು ಬಂದವಳೇ ನನ್ನ ಪಾಲಿನ ಎಲೆ ಎತ್ತಿಕೊಂಡಳು.

“ನಾನು ಹಾಡ್ತೀನಿ. ಅವ್ನು ಹೋಗಿ ಪರೀಕ್ಷೆ ಬರ್ಕಂಡ್ ಬರ್ಲಿ.”

“ಏನಮ್ಮಾ, ಹೆಂಗಸು ಜೀಪಲ್ಲಿ ಹಾಡದಾ? ಇರೋ ಓಟೂ ಹೋಯ್ತವೆ!”

“ಓಟು ಹಾಕೋರಲ್ಲಿ ಅರ್ಧ ಹೆಂಗಸ್ರೇ ಅಲ್ವಾ ಗೌಡ್ರೇ?”

ಗೌಡರಿಗೆ ನಗು ತಡೆಯಲಾಗಲಿಲ್ಲ. ಎತ್ತಿದ ಎಲೆಯನ್ನು ವಾಪಸ್ಸು ಇಡಿಸುವ ಹಾಗೂ ಇರಲಿಲ್ಲ.

ಅತ್ತೆಗೆ ಬರುತ್ತಿದ್ದುದು ಮದುವೆ ಮನೆಯ ಸೋಬಾನೆ ಪದಗಳು ಮಾತ್ರ. ತಲೆ ನರೆತಿದ್ದ ಅಭ್ಯರ್ಥಿಯನ್ನು ಮದುಮಗನ ಹಾಗೆ ಹೊಗಳಿ ಊರೂರಿನಲ್ಲಿ ಹಾಡಿದಳಂತೆ. ಒಂದೂರಲ್ಲಂತೂ ಹೆಂಗಸರು ಆರತಿ ತಟ್ಟೆಯನ್ನೇ ಹಿಡಿದು ಬಂದು, “ಗಂಡು ಬಂತು, ಹೆಣ್ಣೆಲ್ರವ್ವಾ?” ಎಂದು ಕೇಳಿದರಂತೆ. ಅಭ್ಯರ್ಥಿ ಟವೆಲ್ಲಿನಿಂದ ಮುಖ ಒರೆಸಿಕೊಂಡಿದ್ದೇ ಒರೆಸಿಕೊಂಡಿದ್ದು. ಕೊನೆಕೊನೆಗೆ ಅತ್ತೆಯ ಗಂಟಲು ಕಟ್ಟಿತು. ಬಿಸಿನೀರು ಕುಡಿದು ಮತ್ತೆ ಹಾಡಿದಳೇ ಹೊರತು ಜೀಪು ಇಳಿಯಲಿಲ್ಲ. ಇದನ್ನೆಲ್ಲ ಅಪ್ಪ ಆಮೇಲೆ ಹೇಳಿದ್ದು. ಆಗ ನಾನು ಕಡೂರಿನಲ್ಲಿ ಸ್ನೇಹಿತನ ರೂಮಿನಲ್ಲಿ ಕೂತು ಓದುತ್ತಿದ್ದೆ.

ಅಭ್ಯರ್ಥಿ ಸೋತರು. ನಾನು ಪಾಸಾದೆ. ನಮ್ಮ ವಂಶಕ್ಕೆ ಮೊದಲನೆಯ ಡಿಗ್ರಿ ಅದು. ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಸರ್ಟಿಫಿಕೇಟು ಕೈಗೆ ಬಂದ ದಿನವೇ ತರೀಕೆರೆ ಬಸ್ಸು ಹತ್ತಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇಷ್ಟು ತೆಳ್ಳಗೈತಲ್ಲೋ! ಇದಕ್ಕಾ ನಾನು ಅಷ್ಟು ಅರಚಿದ್ದು? ಕೂತ್ಕ, ಮುದ್ದೆ ಮಾಡಿದೀನಿ, ಉಂಡ್ಕಂಡ್ ಹೋಗು.”