ಕುಬಟೂರಿನ ಡಬ್ಬಕ್ಕೆ ಹಬ್ಬದ ರಜೆ

ಶಿಕಾರಿಪುರದ ಬ್ಯಾಟರಿ ಅಂಗಡಿ ತಿಪ್ಪೇಶನಿಗೆ ಒಂದು ಹುಚ್ಚು. ಬಿಟ್‌ಕಾಯಿನ್ ನೋಡ್ ಬೇಕು ಅಂದವರ ಮನೆಗೆ ತಾನೇ ಬೈಕ್ ಹತ್ತಿ ಹೋಗಿ, ಕೂರಿಸಿ, ನಡೆಸುವುದನ್ನು ಕಲಿಸಿ ಬರುತ್ತಿದ್ದ. ಕಾಯಿನ್ ಮಾರುತ್ತಿರಲಿಲ್ಲ, ಕೊಳ್ಳಿ ಅಂತಲೂ ಅನ್ನುತ್ತಿರಲಿಲ್ಲ. ಆ ಹಣದ ಲೆಕ್ಕ ಯಾವ ಬ್ಯಾಂಕಿನ ಬೀರುವಿನಲ್ಲೂ ಇಲ್ಲ, ಯಾರು ಬೇಕಾದರೂ ಅದರ ಪೂರ್ತಿ ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು ಮೊದಲ ಪುಟದಿಂದ ತಾವೇ ತಾಳೆ ನೋಡಬಹುದು, ಹಾಗೆ ನೋಡುವ ಪುಟ್ಟ ಕಂಪ್ಯೂಟರೇ ನೋಡ್ ಎಂದು ಹೇಳುವಷ್ಟರಲ್ಲಿ ಅವನ ಕಣ್ಣು ಅರಳಿರುತ್ತಿತ್ತು. ಕೇಳುವವರು ಆಕಳಿಸುತ್ತಿದ್ದರು, ಅದು ಬೇರೆ ಮಾತು.

ಕುಬಟೂರಿನ ಹುಲಿಯಮ್ಮ ಆಕಳಿಸಲಿಲ್ಲ. ನಿವೃತ್ತ ಶಾಲಾ ಶಿಕ್ಷಕಿ. ಮೊಬೈಲ್ ತೋರಿಸಿದ್ದನ್ನೆಲ್ಲ ನಂಬಿ ಕೈ ಸುಟ್ಟುಕೊಂಡವರನ್ನು ಕಂಡವರು. "ನಾನೇ ತಾಳೆ ನೋಡಬಹುದಾದ್ರೆ ನಮ್ಮನೇಲೂ ಒಂದು ಇಡು ಮಾರಾಯ" ಅಂದರು. ಅವರ ಗಂಡ ಉಚ್ಚಂಗಪ್ಪನವರಿಗೆ ಮಾತ್ರ ಇದು ಇಸ್ಪೀಟಾಟದ ತಮ್ಮನಂತೆ ಕಂಡಿತು. "ದಸರಾ ಮುಗಿಯೋದ್ರೊಳಗೆ ನೆಟ್ಟಗೆ ನಡೆದ್ರೆ ಇರ್ಲಿ. ಇಲ್ದಿದ್ರೆ ಗುಜರಿಗೆ" ಎಂದು ಗಡುವು ಕೊಟ್ಟರು.

ತಿಪ್ಪೇಶ ತಂದು ಟಿವಿಯ ಪಕ್ಕ ಕೂರಿಸಿದ ನೋಡ್ ಡಬ್ಬಕ್ಕೆ ಲೆಕ್ಕದ ಹಳೇ ಪುಟಗಳನ್ನೆಲ್ಲ ಇಳಿಸಿಕೊಂಡು ತಾಳೆ ನೋಡಲು ವಾರಗಟ್ಟಲೆ ಹಿಡಿಯಿತು. ವಿಜಯದಶಮಿಯ ಬೆಳಿಗ್ಗೆ ತಿಪ್ಪೇಶ ಬಂದು ನೋಡಿದರೆ, ಡಬ್ಬದ ಮೇಲೆ ಅರಿಶಿನ ಕುಂಕುಮ, ಚೆಂಡು ಹೂವು. ಅದರ ಮೂತಿಯ ಹಸಿರು ಲೈಟು ಮಾತ್ರ ಆರಿತ್ತು.

"ಯಜಮಾನ್ರೇ, ವಯರ್ ಕಿತ್ತೋರ್ಯಾರು?"

"ನಾನೇ, ನಿನ್ನೆ. ಆಯುಧಪೂಜೆ ದಿನ ಟ್ರ್ಯಾಕ್ಟರಿಗೂ ರಜೆ, ನೇಗಿಲಿಗೂ ರಜೆ. ಇದೊಂದು ದುಡೀಬೇಕಾ, ಪಾಪ?"

ತಿಪ್ಪೇಶ ಡಬ್ಬದ ಮುಂದೆ ಕುಕ್ಕರಿಸಿದ. ನಡೆಯುತ್ತಿದ್ದಾಗಲೇ ಕರೆಂಟ್ ಕಿತ್ತರೆ ಒಳಗಿನದೆಲ್ಲ ಕೆಟ್ಟು ಮತ್ತೆ ಮೊದಲಿಂದ ಶುರು ಮಾಡಬೇಕಾದೀತು, ಗಡುವೋ ಇವತ್ತಿಗೆ ಮುಗಿಯಿತು. ರೇಗೋಣವೆಂದರೆ ಆ ಕುಂಕುಮ ನೋಡಿ ಸಿಟ್ಟೂ ಬರಲಿಲ್ಲ. ದೇವರೇ ಎಂದುಕೊಂಡು ವಯರ್ ಚುಚ್ಚಿದ. ಸ್ವಲ್ಪ ಹೊತ್ತಿಗೆ ಟಿವಿ ಪರದೆಯ ಮೇಲೆ ಸಾಲುಗಳು ಓಡತೊಡಗಿದವು.

"ಕೆಟ್ಟಿಲ್ಲ ಟೀಚರಮ್ಮ! ನಿನ್ನೆಯಿಂದ ತಪ್ಪಿಸ್ಕೊಂಡಿದ್ದ ಹೊಸ ಪುಟಗಳನ್ನ ಬೇರೆ ನೋಡ್‌ಗಳ ಹತ್ರ ಕೇಳ್ತಾ ಇದೆ. ಕೊಡ್ತಾ ಇದಾರೆ ನೋಡಿ."

"ಯಾರು?" ಉಚ್ಚಂಗಪ್ಪ ಹತ್ತಿರ ಬಂದರು.

"ಗೊತ್ತಿಲ್ರೀ. ಯಾವ ದೇಶದೋರೋ."

"ನಾವ್ಯಾರು ಅಂತ ಅವರಿಗೆ ಗೊತ್ತಾ?"

"ಇಲ್ಲ."

"ಮತ್ತೆ ಸುಮ್ನೆ ಕೊಡ್ತಾರಾ?"

"ಸುಮ್ನೆ ಕೊಡ್ತಾರೆ. ಆದ್ರೆ ನಮ್ ಡಬ್ಬ ಸುಮ್ನೆ ತಗಳಲ್ಲ. ಒಂದೊಂದನ್ನೂ ತಾಳೆ ನೋಡೇ ತಗಳದು."

ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದ ತಿಪ್ಪೇಶನಿಗೂ ಪ್ರತಿ ಸಲ ಮೈ ಜುಂ ಎನ್ನುತ್ತಿತ್ತು. ಹೆಸರಿಲ್ಲ, ಮುಖವಿಲ್ಲ, ಕೊಟ್ಟೆವೆಂಬ ಜಂಬವಿಲ್ಲ. ಪಕ್ಕದ ಮನೆಗೆ ಹಬ್ಬದ ಹೋಳಿಗೆಯನ್ನೂ ಎಣಿಸಿ ಕಳಿಸುವ ಲೋಕದಲ್ಲಿ ಇಂಥದ್ದೂ ನಡೆಯುತ್ತದಲ್ಲ! ಹುಲಿಯಮ್ಮ ಕೆನ್ನೆಗೆ ಕೈ ಹಚ್ಚಿಕೊಂಡು ನಿಂತುಬಿಟ್ಟಿದ್ದರು.

ಪುಟಗಳೆಲ್ಲ ಬಂದು ಸೇರಿದ ಮೇಲೆ ಪರದೆಯ ಕೆಳಗೆ ಹೊಸದೊಂದು ಸಾಲು ಮೂಡಿತು. ತಿಪ್ಪೇಶ ಬಗ್ಗಿ ಓದಿದ.

"ಈಗ ಯಾರೋ ನಮ್ಮನ್ನ ಕೇಳ್ತಿದಾರೆ. ಮೊದಲ್ನೇ ಪುಟದಿಂದ. ಎಲ್ಲೋ ಒಂದು ಮನೇಲಿ ಇವತ್ತೇ ಹೊಸದಾಗಿ ಶುರು ಮಾಡಿದಾರೆ ಅನ್ಸುತ್ತೆ."

ಉಚ್ಚಂಗಪ್ಪ ಕುರ್ಚಿಯನ್ನು ಸ್ವಿಚ್ ಬೋರ್ಡಿನ ಪಕ್ಕಕ್ಕೆ ಎಳೆದುಕೊಂಡು ಕೂತರು.

"ಅವರಿಗೆ ಪೂರ್ತಿ ಸಿಗೋ ತನಕ ಯಾರೂ ಇದನ್ನ ಮುಟ್ಟಂಗಿಲ್ಲ" ಎಂದರು ಹೆಂಡತಿಗೆ.